ಓದುಗರ ಪ್ರಶ್ನೆ, ನಮ್ಮ ಉತ್ತರ: ಟೇಮಾರ್ ಹೊಳೆಯ ಆಚೆಯ ಕಾರ್ನ್‌ವಾಲ್

ಪ್ರಶ್ನೆ: ನನ್ನ ಮಗಳು ನರ್ಸ್, ಈಗ ಇಂಗ್ಲೆಂಡಿನ ಕಾರ್ನ್‌ವಾಲಲ್ಲಿ ಕೆಲ್ಸಕ್ಕೆ ಸೇರಿದ್ದಾಳೆ. ಅಲ್ಲಿ ಒಬ್ರು ಅಜ್ಜ ಪೇಶೆಂಟ್ ಹತ್ರ "ನೀವು ಇಂಗ್ಲಿಷಿನವ್ರು ಎಷ್ಟು ಸಲ ಚಾ ಕುಡಿತೀರಿ" ಅಂತ ತಮಾಷೆ ಮಾಡಿದ್ದಕ್ಕೆ ಅವ್ರು "ನಾನು ಇಂಗ್ಲಿಷಿನವ ಅಲ್ಲ, ಕಾರ್ನಿಷ್" ಅಂತ ಮುಖ ಊದಿಸಿದ್ರಂತೆ. ಒಂದು ಜಿಲ್ಲೆಯವ್ರು ಹಾಗೆ ಹೇಳುದುಂಟಾ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಆ ಅಜ್ಜ ಹೇಳಿದ್ದು ಬರೀ ಹಠ ಅಲ್ಲ ಅಮ್ಮ, ಸರ್ಕಾರಿ ಲೆಕ್ಕದಲ್ಲೂ ಉಂಟು. 2014ರ ಏಪ್ರಿಲಲ್ಲಿ ಬ್ರಿಟನ್ ಸರ್ಕಾರವೇ ಕಾರ್ನಿಷ್ ಜನರನ್ನ ರಾಷ್ಟ್ರೀಯ ಅಲ್ಪಸಂಖ್ಯಾತರು ಅಂತ ಒಪ್ಪಿಕೊಂಡಿದೆ, ಸ್ಕಾಟ್ಲೆಂಡ್, ವೇಲ್ಸಿನವ್ರಿಗೆ ಯಾವ ಮಾನ್ಯತೆಯೋ ಇವ್ರಿಗೂ ಅದೇ. ಆದ್ರೆ ಆಡಳಿತದಲ್ಲಿ ಅದು ಇವತ್ತಿಗೂ ಇಂಗ್ಲೆಂಡಿನ ಒಂದು ಕೌಂಟಿ. ದೇಶ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಬರೀ ಜಿಲ್ಲೆ ಅಂದ್ರೆ ಅವ್ರಿಗೆ ಸಿಟ್ಟು ಬರ್ತದೆ.

ಮ್ಯಾಪಲ್ಲಿ ಇಂಗ್ಲೆಂಡಿನ ಎಡಗಡೆ ಕೆಳಗಿನ ಮೂಲೆ ನೋಡಿ, ಕಡಲೊಳಗೆ ಚಾಚಿಕೊಂಡು ಹೋದ ಜಾಗವೇ ಇದು. ಉಳಿದೆಲ್ಲಾ ಕಡೆ ಕಡಲು, ಪೂರ್ವದಲ್ಲಿ ಮಾತ್ರ ಟೇಮಾರ್ ಹೊಳೆ. ಆ ಹೊಳೆ ಹುಟ್ಟುದು ಉತ್ತರದ ಕಡಲಿಂದ ಬರೀ ಆರೇಳು ಕಿಲೋಮೀಟರ್ ದೂರದಲ್ಲಿ, ಅಲ್ಲಿಂದ ದಕ್ಷಿಣಕ್ಕೆ ಹರಿದು ಪ್ಲಿಮತ್ ಹತ್ರ ಆಚೆ ಕಡೆಯ ಕಡಲು ಸೇರ್ತದೆ, ಹಾಗಾಗಿ ಆ ಆರೇಳು ಕಿಲೋಮೀಟರ್ ಒಂದು ಬಿಟ್ರೆ ಕಾರ್ನ್‌ವಾಲ್ ದ್ವೀಪವೇ. 936ರಲ್ಲಿ ಅಥೆಲ್‌ಸ್ಟನ್ ಎಂಬ ರಾಜ ಈ ಹೊಳೆಯನ್ನೇ ಗಡಿ ಮಾಡಿದ, ಸಣ್ಣಪುಟ್ಟ ಬದಲಾವಣೆ ಬಿಟ್ರೆ ಸಾವಿರ ವರ್ಷ ದಾಟಿದ್ರೂ ಗಡಿ ಅಲ್ಲೇ ಉಂಟು. ಹೊಳೆಗೆ ಬ್ರುನೆಲ್ ಎಂಬ ಇಂಜಿನಿಯರ್ ಹಾಕಿದ ರೈಲ್ವೆ ಬ್ರಿಜ್ 1859ರದ್ದು, ನಿಮ್ಮ ಮಗಳು ಲಂಡನ್ನಿಂದ ಟ್ರೈನಲ್ಲಿ ಹೋಗಿದ್ರೆ ಅದ್ರ ಮೇಲೆಯೇ ದಾಟಿರ್ತಾಳೆ.

ವಿಸ್ತೀರ್ಣದಲ್ಲಿ ನಮ್ಮ ಕಾಸರಗೋಡಿಗಿಂತ ದೊಡ್ಡದು, ಸುಮಾರು 3,500 ಚದರ ಕಿಲೋಮೀಟರ್, ನಮ್ಮದು ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ. ಜನ ಮಾತ್ರ ಐದೂಮುಕ್ಕಾಲು ಲಕ್ಷದ ಹತ್ರ, ನಮ್ಮಲ್ಲಿ 2011ರಲ್ಲೇ 13 ಲಕ್ಷ. ಈಶಾನ್ಯ ಭಾಗದಲ್ಲಿ ಬೋಡ್ಮಿನ್ ಮೂರ್ ಅಂತ ಒಂದು ದೊಡ್ಡ ಪದವು, ಮರ ಕಮ್ಮಿ, ಹುಲ್ಲು, ಗ್ರಾನೈಟ್ ಬಂಡೆ, ಬಿಡದೆ ಬಡಿಯುವ ಗಾಳಿ. ಅಲ್ಲಿನ ಅತಿ ಎತ್ತರದ ಗುಡ್ಡ 420 ಮೀಟರ್ ಅಷ್ಟೆ, ರಾಣಿಪುರಂ ಹತ್ತಿದವ್ರಿಗೆ ಅದು ಗುಡ್ಡವೇ ಅಲ್ಲ.

ಪ್ರಶ್ನೆ: ಕಾರ್ನಿಷ್ ಅಂತ ಬೇರೆ ಭಾಷೆಯೇ ಇತ್ತಂತೆ, ಸತ್ತು ಹೋಯ್ತಂತೆ. ಇಂಗ್ಲಿಷಿನವ್ರು ಬ್ಯಾನ್ ಮಾಡಿದ್ರಾ?
– ಕನ್ನಡ ಟೀಚರ್, ಕುಂಬಳೆ

ಉತ್ತರ: ಬ್ಯಾನ್ ಮಾಡಿ ಕೊಂದದ್ದಲ್ಲ ಟೀಚರ್, ಅದಕ್ಕೆ ಇದ್ದ ಜಾಗ ಒಂದೊಂದಾಗಿ ಹೋಯ್ತು. ಮೂಲದಲ್ಲಿ ಅದು ವೆಲ್ಷ್ ಮತ್ತು ಫ್ರಾನ್ಸಿನ ಬ್ರೆಟನ್ ಭಾಷೆಗಳ ಅಕ್ಕತಂಗಿ, ಇಂಗ್ಲಿಷಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಪೆನ್ರಿನ್ ಎಂಬ ಊರಲ್ಲಿ ಗ್ಲಾಸ್ನಿ ಕಾಲೇಜ್ ಅಂತ ಪಾದ್ರಿಗಳ ಸಂಸ್ಥೆ ಇತ್ತು, ಕಾರ್ನಿಷ್ ನಾಟಕಗಳು ಅಲ್ಲೇ ಬರೆದವು ಇರ್ಬೇಕು ಅಂತ ಹೇಳ್ತಾರೆ. ಆರ್ಡಿನಾಲಿಯಾ ಅಂತ ಒಂದುಂಟು, ಹದಿನಾಲ್ಕನೇ ಶತಮಾನದ ಕೊನೆಯದ್ದು, ಬೈಬಲ್ ಪ್ರಸಂಗ, ಮೂರು ದಿನದ ಆಟ. ಆಡ್ತಾ ಇದ್ದದ್ದು ಬಯಲಲ್ಲಿ, ಸುತ್ತ ದಂಡೆ ಎಬ್ಬಿಸಿದ ಉರುಟು ಜಾಗದಲ್ಲಿ, ಜನ ದಂಡೆಯಲ್ಲಿ ಕೂತು ನೋಡುದು. ಸೇಂಟ್ ಜಸ್ಟ್ ಎಂಬ ಊರಲ್ಲಿ ಅಂಥ ಒಂದು ಬಯಲು ಈಗ್ಲೂ ಪೇಟೆ ಮಧ್ಯದಲ್ಲೇ ಉಂಟು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವ್ರಿಗೆ ಬಯಲಾಟದ ವಿಷಯ ನಾನು ಬಿಡಿಸಿ ಹೇಳ್ಬೇಕಾ?

1548ರಲ್ಲಿ ರಾಜನ ಕಡೆಯವ್ರು ಆ ಕಾಲೇಜ್ ಮುಚ್ಚಿಸಿದ್ರು. ಮರುವರ್ಷ, ಅಂದ್ರೆ 1549ರಲ್ಲಿ, ಎಲ್ಲಾ ಚರ್ಚಲ್ಲಿ ಇಂಗ್ಲಿಷಿನ ಪ್ರಾರ್ಥನಾ ಪುಸ್ತಕವೇ ಓದ್ಬೇಕು ಅಂತ ಆರ್ಡರ್ ಬಂತು. ಅಷ್ಟರ ತನಕ ಲ್ಯಾಟಿನ್ ಇತ್ತು, ಅದೂ ಜನಕ್ಕೆ ಅರ್ಥ ಆಗ್ತಿರ್ಲಿಲ್ಲ, ಆದ್ರೆ ಅದು ಅಜ್ಜನ ಕಾಲದಿಂದ ಬಂದದ್ದು. ನಮ್ಮಲ್ಲಿ ಕೆಲವ್ರಿಗೆ ಇಂಗ್ಲಿಷೇ ಬರುದಿಲ್ಲ, ಈ ಹೊಸ ಇಂಗ್ಲಿಷ್ ನಮಗೆ ಬೇಡ ಅಂತ ಅರ್ಜಿಯಲ್ಲಿ ಬರೆದು ದಂಗೆ ಎದ್ರು, ಪಕ್ಕದ ಡೆವನ್ ಕೌಂಟಿಯವ್ರೂ ಸೇರಿದ್ರು, ಎಕ್ಸೆಟರ್ ಪೇಟೆಗೆ ಮುತ್ತಿಗೆ ಹಾಕಿದ್ರು, ಕೊನೆಗೆ ಸೈನ್ಯ ಬಂದು ಸಾವಿರಗಟ್ಲೆ ಜನರನ್ನ ಕೊಂದು ಹಾಕಿತು. ಅದಕ್ಕಿಂತ 50 ವರ್ಷ ಮೊದ್ಲು 1497ರಲ್ಲೂ ತೆರಿಗೆ ಜಾಸ್ತಿ ಆಯ್ತು ಅಂತ ಆನ್ ಗಾಫ್ ಎಂಬ ಕಮ್ಮಾರ ಮತ್ತು ಫ್ಲಾಮಂಕ್ ಎಂಬ ವಕೀಲ ಜನ ಕಟ್ಟಿಕೊಂಡು ಲಂಡನ್ ಬಾಗಿಲ ತನಕ ನಡೆದು ಹೋಗಿ ಸೋತು ಜೀವ ಕಳ್ಕೊಂಡಿದ್ರು.

ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ದಂಗೆಯಲ್ಲಿ ಅಲ್ಲ, ಆಮೇಲೆ. ವೆಲ್ಷ್ ಭಾಷೆಗೆ 1588ರಲ್ಲಿ ಪೂರ್ತಿ ಬೈಬಲ್ ಸಿಕ್ಕಿತು, ವಾರ ವಾರ ಚರ್ಚಲ್ಲಿ ಓದಿ ಓದಿ ಭಾಷೆ ಗಟ್ಟಿ ಆಯ್ತು. ಕಾರ್ನಿಷಿಗೆ ಬೈಬಲೂ ಇಲ್ಲ, ಪ್ರಾರ್ಥನಾ ಪುಸ್ತಕವೂ ಇಲ್ಲ. ದೇವರ ಹತ್ರ ಇಂಗ್ಲಿಷ್, ಕೋರ್ಟಲ್ಲಿ ಇಂಗ್ಲಿಷ್, ಸಂತೆಯಲ್ಲಿ ವ್ಯಾಪಾರಿ ಹತ್ರ ಇಂಗ್ಲಿಷ್, ಉಳಿದದ್ದು ಮನೆ ಮತ್ತು ದೋಣಿ.

ದೋಣಿ ಅಂತ ಸುಮ್ಮನೆ ಹೇಳಿದ್ದಲ್ಲ. ಮೌಸ್‌ಹೋಲ್ ಎಂಬ ಮೀನುಗಾರರ ಊರಿನ ವಿಲಿಯಂ ಬೋಡಿನಾರ್ ಅಂತ ಒಬ್ಬ 1776ರಲ್ಲಿ ಲಂಡನ್ ಕಡೆಯ ಒಬ್ಬ ವಿದ್ವಾಂಸರಿಗೆ ಕಾರ್ನಿಷಲ್ಲೇ ಕಾಗದ ಬರೆದಿದ್ದಾನೆ. ತಾನು ಹುಡುಗನಾಗಿದ್ದಾಗ ಅಪ್ಪ ಮತ್ತೆ ಬೇರೆ ಐದು ಜನರ ಜೊತೆ ಮೀನಿಗೆ ಹೋಗ್ತಿದ್ದದ್ದು, ವಾರಗಟ್ಲೆ ದೋಣಿಯಲ್ಲಿ ಒಂದು ಇಂಗ್ಲಿಷ್ ಶಬ್ದ ಕೇಳ್ತಿರ್ಲಿಲ್ಲ, ಈಗ ಊರಲ್ಲಿ ಮಾತಾಡುವವ್ರು ನಾಲ್ಕೈದು ಜನ, ಎಲ್ಲಾ 80ರ ಮುದುಕರು, ಹುಡುಗರಿಗೆ ಮರೆತೇ ಹೋಗಿದೆ, ಇಷ್ಟೇ ಅದರಲ್ಲಿ ಇರುದು. ಕೊನೆಗೆ ಕಾರ್ನಿಷ್ ಮಾತಾಡಿದವಳು ಅಂತ ಹೆಸರಾದ ಡಾಲಿ ಪೆಂಟ್ರೀತ್ ಕೂಡ ಇದೇ ಊರಿನವಳು, ಮೀನು ಮಾರ್ತಿದ್ದವಳು, 1777ರಲ್ಲಿ ತೀರಿಕೊಂಡಳು. ಅವಳೇ ಕೊನೆಯವಳು ಅನ್ನುದು ಅಷ್ಟು ಸರಿ ಅಲ್ಲ, ಬೋಡಿನಾರೇ 1789ರ ತನಕ ಇದ್ದ. ಆದ್ರೆ 1860ರಲ್ಲಿ ನೆಪೋಲಿಯನ್‌ನ ತಮ್ಮನ ಮಗ ಬಂದು ಅವಳಿಗೆ ಸ್ಮಾರಕದ ಕಲ್ಲು ನಿಲ್ಲಿಸಿದ ಮೇಲೆ ಬೋಡಿನಾರನನ್ನ ಯಾರು ಕೇಳ್ತಾರೆ?

ಪೂರ್ತಿ ಸತ್ತಿಲ್ಲ. 1904ರಲ್ಲಿ ಹೆನ್ರಿ ಜೆನ್ನರ್ ಅನ್ನುವವ್ರು ಕಲಿಯುವ ಪುಸ್ತಕ ಬರೆದ್ರು, ಅಲ್ಲಿಂದ ಮತ್ತೆ ಶುರು. 2002ರಲ್ಲಿ ಸರ್ಕಾರ ಮಾನ್ಯತೆ ಕೊಟ್ಟಿತು, 2010ರಲ್ಲಿ ಯುನೆಸ್ಕೋ 'ಅಳಿದ ಭಾಷೆ' ಅನ್ನುವ ಲೇಬಲ್ ತೆಗೆದು ಹಾಕಿತು. 2021ರ ಸೆನ್ಸಸಲ್ಲಿ ಕಾರ್ನಿಷೇ ತಮ್ಮ ಮುಖ್ಯ ಭಾಷೆ ಅಂತ ಬರೆಸಿದವ್ರು ಐನೂರು ಚಿಲ್ಲರೆ ಜನ, ಅಲ್ಪಸ್ವಲ್ಪ ಬಲ್ಲವ್ರು ಅದಕ್ಕಿಂತ ಜಾಸ್ತಿ.

ಪ್ರಶ್ನೆ: ನಮ್ಮ ಗಡಿ ರಗಳೆಯೇ ಹೊತ್ತು ಮುಳುಗುವಷ್ಟು ಉಂಟು, ಇಂಗ್ಲೆಂಡಿನ ಜಿಲ್ಲೆ ಕಟ್ಟಿಕೊಂಡು ನಮಗೆ ಏನಾಗ್ಬೇಕು?
– ಸಿಟ್ಟಿನ ಓದುಗ, ಪೆರ್ಲ

ಉತ್ತರ: ಏನೂ ಆಗ್ಬೇಕಾಗಿಲ್ಲ ಮಾರಾಯ್ರೇ, ಪ್ರಶ್ನೆ ಬಂತು, ಉತ್ತರ ಕೊಟ್ಟೆ. 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಹೋದದ್ದು, 1967ರಲ್ಲಿ ಗಡಿ ವಿಷಯದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಕ್ಕೆ ಇರುದೆಲ್ಲ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರ್ಬೇಕು ಅಂದದ್ದು, ಅದು ಕಡತದಲ್ಲೇ ಕೂತದ್ದು ಎಲ್ಲಾ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಒಂದು ಮಾತ್ರ ಹೇಳ್ತೇನೆ, ಐನೂರು ಚಿಲ್ಲರೆ ಜನರ ಆ ಭಾಷೆಗೆ ಅಲ್ಲಿನ ಕೌನ್ಸಿಲ್ 2009ರಿಂದ ಹೊಸ ರಸ್ತೆ ಬೋರ್ಡಲ್ಲಿ ಜಾಗ ಕೊಡ್ತಾ ಉಂಟು, ಇಂಗ್ಲಿಷಿನ ಜೊತೆಗೇ.

ಪ್ರಶ್ನೆ: ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ನ್‌ವಾಲಿನವ್ರು ಇದ್ರು ಅಂತ ಎಲ್ಲೋ ಓದಿದ್ದೆ. ಅಷ್ಟು ದೂರದಿಂದ ಯಾಕೆ ಬಂದ್ರು?
– ಮುಳ್ಳೇರಿಯಾದಿಂದ ಒಬ್ರು

ಉತ್ತರ: ಹೊಟ್ಟೆಪಾಡು. ಕಾರ್ನ್‌ವಾಲಲ್ಲಿ ಕಂಚಿನ ಯುಗದಿಂದಲೇ ತವರ ತೆಗಿತಿದ್ರು, ಆಮೇಲೆ ತಾಮ್ರ. ಗಣಿ ಆಳ ಆದ ಹಾಗೆ ನೀರು ತುಂಬ್ತದೆ, ಆ ನೀರು ತೆಗಿಲಿಕ್ಕೆ ಎರಡು ದಾರಿ. ಒಂದು, ಗುಡ್ಡದ ಬುಡದಿಂದ ಅಡ್ಡಕ್ಕೆ ಕೊರೆಯುದು, ಅದು ನಮ್ಮ ಬಾಯಾರು, ಎಣ್ಮಕಜೆ ಕಡೆಯ ಸುರಂಗದ ಹಾಗೆಯೇ, ನಾವು ನೀರು ಬೇಕು ಅಂತ ಕೊರೆದದ್ದು, ಅವ್ರು ನೀರು ಬೇಡ ಅಂತ. 1748ರಲ್ಲಿ ಶುರು ಮಾಡಿದ ಅಂಥ ಒಂದಕ್ಕೆ ಕವಲು ಕವಲಾಗಿ 60 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ ಆಯ್ತು. ಎರಡನೇದು ಸ್ಟೀಮ್ ಇಂಜಿನ್ ಪಂಪು. ಗಣಿ ಊರಲ್ಲೇ ಹುಟ್ಟಿ ಬೆಳೆದ ರಿಚರ್ಡ್ ಟ್ರೆವಿಥಿಕ್ ಅನ್ನುವವ ಹೈ ಪ್ರೆಶರ್ ಇಂಜಿನ್ ಮಾಡಿ 1801ರಲ್ಲಿ ಕ್ಯಾಂಬೋರ್ನ್ ಪೇಟೆಯ ಏರು ರಸ್ತೆಯಲ್ಲಿ ಹೊಗೆ ಬಿಡುವ ಗಾಡಿ ಓಡಿಸಿದ, 1804ರಲ್ಲಿ ವೇಲ್ಸಲ್ಲಿ ಹಳಿ ಮೇಲೆ ರೈಲು ಓಡಿಸಿದ್ದೂ ಅವನೇ.

ಕೆಲ್ಸ ಭಯಂಕರ. ಲೆವಾಂಟ್ ಗಣಿ ಕಡಲಿನ ತಳದ ಕೆಳಗೆಯೇ ಹೋಗ್ತದೆ. ಅಲ್ಲಿ ಜನ ಮೇಲೆ ಬರ್ಲಿಕ್ಕೆ ಒಂದು ಯಂತ್ರ ಇತ್ತು, ಬಾವಿಯ ಉದ್ದಕ್ಕೂ ಇಳಿಬಿಟ್ಟ ದಪ್ಪ ಮರದ ದಂಡ, ಅದಕ್ಕೆ ಮೆಟ್ಲು, ಇಂಜಿನ್ ಅದನ್ನ ಕೆಲವು ಅಡಿ ಎತ್ತಿ ಇಳಿಸ್ತಾ ಇರ್ತದೆ. ದಂಡ ಮೇಲೆ ಹೋಗುವಾಗ ಮೆಟ್ಲಲ್ಲಿ ನಿಲ್ಲುದು, ಮೇಲೆ ಮುಟ್ಟಿದ ಕೂಡ್ಲೇ ಗೋಡೆ ಬದಿಯ ಅಟ್ಟಕ್ಕೆ ದಾಟುದು, ದಂಡ ಇಳಿದು ಮುಂದಿನ ಮೆಟ್ಲು ಬಂದಾಗ ಮತ್ತೆ ಅದಕ್ಕೆ ದಾಟುದು, ಕತ್ತಲಲ್ಲಿ, ಇಡೀ ದಿನ ದುಡಿದ ಮೇಲೆ. 1919ರ ಅಕ್ಟೋಬರ್ 20ಕ್ಕೆ ಆ ದಂಡ ಮೇಲಿನ ಜೋಡಣೆಯಲ್ಲೇ ಮುರಿದು 31 ಜನ ಸತ್ರು. ಹೆಂಗಸ್ರು ಗಣಿಗೆ ಇಳಿತಿರ್ಲಿಲ್ಲ, ಮೇಲೆ ಕೂತು ಸುತ್ತಿಗೆಯಲ್ಲಿ ಅದಿರು ಒಡಿಯುದು ಅವ್ರ ಕೆಲ್ಸ.

1866ರಲ್ಲಿ ತಾಮ್ರದ ರೇಟು ಕುಸಿತು, ಆಮೇಲೆ ತವರಕ್ಕೂ ಹೊರದೇಶದ ಪೈಪೋಟಿ. ಕೆಲ್ಸ ಗೊತ್ತಿದ್ದವ್ರು ಆಸ್ಟ್ರೇಲಿಯ, ಅಮೆರಿಕ, ಮೆಕ್ಸಿಕೊ, ಆಫ್ರಿಕ ಅಂತ ಹೊರಟ್ರು, ಹೆಂಡ್ತಿ ಮಕ್ಕಳು ಊರಲ್ಲಿ ಹಣ ಬರುದನ್ನ ಕಾಯುದು. ಮನೆಯಲ್ಲಿ ಒಬ್ಬರಾದ್ರೂ ಗಲ್ಫಲ್ಲಿ ಇರುವ ನಮ್ಮ ಊರಿಗೆ ಇದು ಹೊಸ ಕತೆ ಏನಲ್ಲ. ಕೋಲಾರದಲ್ಲಿ 1880ರಲ್ಲಿ ಗಣಿ ವಹಿಸಿಕೊಂಡದ್ದು ಜಾನ್ ಟೇಲರ್ ಅಂಡ್ ಸನ್ಸ್, ಆ ಕಂಪನಿಗೆ ಕಾರ್ನ್‌ವಾಲಿನ ಗಣಿಗಳ ಜೊತೆ ಹಳೆ ನಂಟು ಇತ್ತು, ಹಾಗಾಗಿ ಅಲ್ಲಿನ ಮೇಸ್ತ್ರಿಗಳನ್ನೇ ಕರ್ಕೊಂಡು ಬಂದ್ರು. ಆಳಕ್ಕಿಳಿದು ಮೈ ಮುರಿದವ್ರಲ್ಲಿ ಹೆಚ್ಚಿನವ್ರು ತಮಿಳು, ತೆಲುಗು ಕೂಲಿಗಳು, ಅದನ್ನ ಮರಿಬಾರ್ದು. ಕಾರ್ನ್‌ವಾಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು, ಕೋಲಾರದ್ದು 2001ರಲ್ಲಿ.

ಪ್ರಶ್ನೆ: ಅಲ್ಲಿ ಬೂತಾಯಿ ಸಿಗ್ತದಾ?
– ಮಂಜೇಶ್ವರದ ಮೀನುಪ್ರಿಯ

ಉತ್ತರ: ಅದರ ಸೋದರ ಸಂಬಂಧಿ ಸಿಗ್ತದೆ, ಪಿಲ್ಚರ್ಡ್ ಅಂತ. ಮೊದ್ಲು ಗುಡ್ಡದ ತುದಿಯಲ್ಲಿ ಒಬ್ಬ ಕಾವಲು ಕೂತು ಕಡಲಲ್ಲಿ ಮೀನಿನ ಹಿಂಡು ಕಪ್ಪಾಗಿ ಕಂಡ ಕೂಡ್ಲೇ "ಹೆವ್ವಾ, ಹೆವ್ವಾ" ಅಂತ ಬೊಬ್ಬೆ ಹೊಡಿತಿದ್ದ, ಎರಡು ಕೈಯಲ್ಲೂ ಸೊಪ್ಪಿನ ಕಟ್ಟು ಹಿಡಿದು ಬೀಸಿ ಎಲ್ಲಿ ಬಲೆ ಹಾಕ್ಬೇಕು ಅಂತ ದೋಣಿಗೆ ತೋರಿಸ್ತಿದ್ದ. ಉಪ್ಪು ಹಾಕಿ ಪೀಪಾಯಿಯಲ್ಲಿ ಒತ್ತಿ ಇಟಲಿಗೆ ಕಳಿಸುದು. ನಡುವಲ್ಲಿ ಅದನ್ನ ಕೇಳುವವ್ರೇ ಇರ್ಲಿಲ್ಲ, ಆಮೇಲೆ ಪಿಲ್ಚರ್ಡ್ ಹೆಸರು ಬಿಟ್ಟು 'ಕಾರ್ನಿಷ್ ಸಾರ್ಡಿನ್' ಅಂತ ಮಾರ್ಲಿಕ್ಕೆ ಶುರು ಮಾಡಿದ್ರು, ಒಳ್ಳೆ ರೇಟು ಬಂತು.

ಪ್ರಶ್ನೆ: ರಿಟೈರ್ ಆದ ಮೇಲೆ ಅಲ್ಲಿ ಕಡಲ ಬದಿ ಒಂದು ಮನೆ ತಗೊಳ್ಬಹುದಾ? (ತಮಾಷೆಗೆ)
– ನೀರ್ಚಾಲಿನಿಂದ

ಉತ್ತರ: ತಮಾಷೆಗೂ ಕಷ್ಟ. ಲಂಡನ್ನಿನ ಹಣ ಇದ್ದವ್ರು ರಜೆಗೆ ಅಂತ ಮನೆ ತಗೊಂಡು ತಗೊಂಡು ಊರಿನ ಹುಡುಗರಿಗೆ ಮನೆ ಸಿಗದ ಹಾಗೆ ಆಗಿದೆ, ಚಳಿಗಾಲದಲ್ಲಿ ಬೀದಿಗೆ ಬೀದಿಯೇ ದೀಪ ಇಲ್ಲ. ಸೇಂಟ್ ಐವ್ಸ್ ಎಂಬ ಊರಿನವ್ರು 2016ರಲ್ಲಿ ವೋಟ್ ಹಾಕಿ, ಹೊಸದಾಗಿ ಕಟ್ಟುವ ಮನೆ ಯಾರಿಗೂ ಎರಡನೇ ಮನೆ ಆಗ್ಬಾರ್ದು ಅಂತ ನಿಯಮ ತಂದ್ರು.

ಪ್ರಶ್ನೆ: ತಿನ್ಲಿಕ್ಕೆ ಏನು ವಿಶೇಷ?
– ಪೈವಳಿಕೆಯ ಕಾಲೇಜ್ ಹುಡುಗ

ಉತ್ತರ: ಪ್ಯಾಸ್ಟಿ. ಮೈದಾ ಹಿಟ್ಟಿನೊಳಗೆ ದನದ ಮಾಂಸ, ಬಟಾಟೆ, ನೀರುಳ್ಳಿ, ಟರ್ನಿಪ್ ಜಾತಿಯ ಒಂದು ಗಡ್ಡೆ ಹಸಿಯಾಗಿಯೇ ತುಂಬಿಸಿ ಅರ್ಧಚಂದ್ರದ ಹಾಗೆ ಮಡಚಿ ಅಂಚು ಹೆಣೆದು ಬೇಯಿಸುದು, ಗಣಿ ಕೆಲ್ಸದವ್ರ ಬುತ್ತಿ. 2011ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಉಂಟು, ಕಾರ್ನ್‌ವಾಲಲ್ಲಿ ಮಾಡಿದ್ರೆ ಮಾತ್ರ ಕಾರ್ನಿಷ್ ಪ್ಯಾಸ್ಟಿ. ಮಾಂಸ ತಿನ್ನದವ್ರು ಸ್ಕೋನ್ ಅನ್ನುವ ಬನ್ನಿಗೆ ಜಾಮ್ ಮತ್ತು ದಪ್ಪ ಕೆನೆ ಹಚ್ಚಿ ತಿನ್ನಿ. ಮೊದ್ಲು ಜಾಮ್, ಅದ್ರ ಮೇಲೆ ಕೆನೆ. ಹೊಳೆ ದಾಟಿ ಡೆವನಿಗೆ ಹೋದ್ರೆ ಮೊದ್ಲು ಕೆನೆ, ಆಮೇಲೆ ಜಾಮ್, ಎರಡೂ ಕಡೆಯವ್ರು ಇದಕ್ಕೆ ಇನ್ನೂ ಜಗಳ ಆಡ್ತಾ ಇದ್ದಾರೆ.