1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಗೆಲ್ಲಬೇಕಿದ್ದ ನೀಲಂ ಸಂಜೀವ ರೆಡ್ಡಿ ಸೋತಿದ್ದು ಹೇಗೆ?

ಸ್ವಂತ ಪಕ್ಷದ ಮತಗಳೇ ಒಡೆದು ಒಂದಷ್ಟು ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿಯವರ ಪಾಲಾದವು, ಅದಕ್ಕೇ ಸೋತರು. ರೆಡ್ಡಿಯವರು ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ಬೆಂಗಳೂರಿನ ಸಭೆಯಲ್ಲೇ ಅವರ ಹೆಸರು ತೀರ್ಮಾನವಾಗಿತ್ತು. ಆದರೆ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ವಿರೋಧ ಪಕ್ಷಗಳಾದ ಜನಸಂಘ, ಸ್ವತಂತ್ರ ಪಕ್ಷದವರ ಹತ್ತಿರ ಎರಡನೇ ಪ್ರಾಶಸ್ತ್ಯದ ಮತ (ಮೊದಲ ಆಯ್ಕೆಯವರು ಕಣದಿಂದ ಹೊರಬಿದ್ದರೆ ಲೆಕ್ಕಕ್ಕೆ ಬರುವ ಮತ) ಕೇಳಿದರು. ಇದನ್ನೇ ಹಿಡಿದು ಇಂದಿರಾ ಗಾಂಧಿ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದುಬಿಟ್ಟರು. ಗುಟ್ಟಿನ ಮತದಾನ ಅಲ್ವಾ, ಯಾರು ಯಾರಿಗೆ ಹಾಕಿದರು ಅಂತ ಪಕ್ಷಕ್ಕೆ ಗೊತ್ತಾಗುವುದೇ ಇಲ್ಲ.

ಶಾಸಕ, ಸಂಸದರ ಒಂದೊಂದು ಮತಕ್ಕೂ ಇಂತಿಷ್ಟು ಮೌಲ್ಯ. ಗೆಲ್ಲಲು ಬೇಕಿದ್ದದ್ದು 4,18,169. ಮೊದಲ ಎಣಿಕೆಯಲ್ಲಿ ವಿ.ವಿ. ಗಿರಿ 4,01,515, ರೆಡ್ಡಿ 3,13,548. ಮೂರನೆಯವರಾದ ಸಿ.ಡಿ. ದೇಶಮುಖರ ಮತಪತ್ರಗಳಲ್ಲಿ ಎರಡನೇ ಆಯ್ಕೆ ನೋಡಿದಾಗ ಹೆಚ್ಚಿನವು ರೆಡ್ಡಿಯವರ ಪಾಲಾದವು. ಅಷ್ಟಾದರೂ ಸಾಲಲಿಲ್ಲ: ಗಿರಿ 4,20,077, ರೆಡ್ಡಿ 4,05,427.