ಆನೆ ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಗೊತ್ತಾಗುತ್ತದಾ? ಆ ದಾರಿ ಉಳಿಸುವುದು ಹೇಗೆ?

ಯಾವ ಆನೆ ಯಾವತ್ತು ಬರುತ್ತದೆ ಎಂದು ಹೇಳುವುದು ಕಷ್ಟ. ದಾರಿ ಯಾವುದು ಎಂಬುದನ್ನು ಮಾತ್ರ ಚೆನ್ನಾಗಿಯೇ ಅಂದಾಜು ಮಾಡಬಹುದು.

ಮೊದಲು ಲದ್ದಿ, ಹೆಜ್ಜೆ, ಮೈ ಉಜ್ಜಿದ ಮರಕ್ಕೆ ಅಂಟಿದ ಕೆಸರು ನೋಡುತ್ತಾರೆ. ಕೆಸರು ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಆನೆಯ ಗಾತ್ರವೂ ತಿಳಿಯುತ್ತದೆ! ಕೆಲವು ಆನೆಗಳಿಗೆ ರೇಡಿಯೋ ಕಾಲರ್ (ಎಲ್ಲಿದೆ ಎಂದು ತಿಳಿಸುವ ಕುತ್ತಿಗೆಪಟ್ಟಿ) ಹಾಕಿ ಓಡಾಟ ಗುರುತಿಸುತ್ತಾರೆ. ಆಮೇಲೆ ನಕ್ಷೆಯನ್ನು ಚೌಕ ಚೌಕ ಮಾಡಿ ಒಂದೊಂದಕ್ಕೂ 'ಕಷ್ಟ'ದ ಅಂಕ ಕೊಡುತ್ತಾರೆ. ನೆರಳು, ನೀರು ಇದ್ದರೆ ಕಡಿಮೆ. ಕಡಿದಾದ ಗುಡ್ಡ, ರೈಲು ಹಳಿ, ಊರು ಇದ್ದರೆ ಜಾಸ್ತಿ. ಒಟ್ಟು ಅಂಕ ಕಡಿಮೆ ಬರುವ ಕಡೆಯೇ ಆನೆ ಹೋಗುವ ದಾರಿ ಎಂದು ಅಂದಾಜು. ತಂತಿಯಲ್ಲಿ ಕರೆಂಟು ಹರಿಯುವ ಲೆಕ್ಕವನ್ನೇ ಇಲ್ಲಿಗೆ ತಂದು, ಆನೆಗಳ ಓಡಾಟವನ್ನೇ ಕರೆಂಟು ಎಂದುಕೊಳ್ಳುವ ವಿಧಾನವೂ ಇದೆ. ಲೆಕ್ಕದಲ್ಲಿ ಈ ಕರೆಂಟೆಲ್ಲ ಒಂದೇ ಕಿರಿದಾದ ಜಾಗಕ್ಕೆ ನುಗ್ಗಿದರೆ ದಾರಿ ಕಡಿದುಹೋಗುವ ಅಪಾಯ ಅಲ್ಲೇ. ಅಲ್ಲಿ ಒಂದು ರೆಸಾರ್ಟ್ ಎದ್ದರೂ ದಾರಿ ಬಂದ್.

ಉಳಿಸುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಚಾಮರಾಜನಗರ ಜಿಲ್ಲೆಯ ಎಡಯರಹಳ್ಳಿ-ದೊಡ್ಡಸಂಪಿಗೆ ಆನೆ ದಾರಿ. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ಅದೊಂದು ಕೊಂಡಿ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಅಲ್ಲಿ ಸುಮಾರು 25 ಎಕರೆ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಎಲ್ಲ ಕಡೆ ಹೀಗೆ ಕೊಳ್ಳುವುದು ಆಗದ ಮಾತು ಬಿಡಿ, ಕೇಂದ್ರ ಸರ್ಕಾರದ 2023ರ ಪಟ್ಟಿಯಲ್ಲೇ ಇಂಥ 150 ದಾರಿಗಳಿವೆ. ಕೆಲವು ಕಡೆ ಹೊತ್ತು ನೋಡಿ ದಾರಿ ಬಿಟ್ಟುಕೊಟ್ಟರೂ ಸಾಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಟಕ್ಕೆ ನಿರ್ಬಂಧವಿದೆ.