ಹೆರಿಗೆಯಾಗಿ ಎಂಟು ತಿಂಗಳು, ಸೀನಿದರೆ ಮೂತ್ರ ಸೋರುತ್ತದೆ. 'ಎಲ್ಲರಿಗೂ ಆಗುತ್ತೆ' ಅನ್ನುತ್ತಾರೆ ಅತ್ತೆ. ಕೆಗೆಲ್‌ಗೆ, ಅಂದರೆ ಮೂತ್ರ ತಡೆಯುವ ಸ್ನಾಯುಗಳ ವ್ಯಾಯಾಮಕ್ಕೆ, ಯಾವ ಆ್ಯಪ್ ಒಳ್ಳೆಯದು, ದಿನಕ್ಕೆ ಎಷ್ಟು ಸಲ ಮಾಡಬೇಕು?

ಆ್ಯಪ್ ವಿಷಯ ಆಮೇಲೆ. ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ನೆನಪಾದದ್ದು ಒಂದು ಚೊಂಬು ನೀರು.

ಮಗನಿಗೆ ಆಗ ಏಳು ತಿಂಗಳು. ತಿಪಟೂರಿನಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಅಡುಗೆಮನೆಯಲ್ಲಿ ಯಾರೋ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರು, ಘಾಟು ಎದ್ದಿತು, ಎಲ್ಲರೂ ಕೆಮ್ಮಿದರು. ನಾನೂ ಕೆಮ್ಮಿದೆ. ಒಂದೆರಡು ಹನಿ ಅಲ್ಲ, ಸೀರೆಯೇ ಒದ್ದೆ. ಪಕ್ಕದಲ್ಲಿ ಚೊಂಬಿತ್ತು. ಕೈ ತಾಗಿತೇನೋ ಅನ್ನುವ ಹಾಗೆ ಮಾಡಿ ಮಡಿಲ ಮೇಲೆ ಬೀಳಿಸಿಕೊಂಡೆ. "ಅಯ್ಯೋ, ನೋಡ್ಕೊಂಡು ಕೂರಬಾರದೇನೇ" ಅಂತ ಚಿಕ್ಕಮ್ಮ ಬೈದರು. ಬೈಸಿಕೊಂಡು ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಒಂದು ವಿಡಿಯೋ ನೋಡಿದೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಬಿಗಿ ಮಾಡಿ, ದಿನಕ್ಕೆ ನೂರು ಸಲ ಅಂತ ಅದರಲ್ಲಿತ್ತು. ನಾನು ಇನ್ನೂರು ಮಾಡಿದೆ. ಸಿಗ್ನಲ್‌ನಲ್ಲಿ ಗಾಡಿ ನಿಂತಾಗ, ಮಗುವಿಗೆ ಹಾಲು ಕುಡಿಸುವಾಗ. ಬಚ್ಚಲಿಗೆ ಹೋದಾಗಲೆಲ್ಲ ಅರ್ಧಕ್ಕೆ ಮೂತ್ರ ನಿಲ್ಲಿಸಿ 'ಪ್ರಾಕ್ಟೀಸ್' ಬೇರೆ. ಐದು ತಿಂಗಳು! ಸೋರುವುದು ಕಮ್ಮಿ ಆಗಲಿಲ್ಲ, ಜಾಸ್ತಿಯಾಯಿತು. ಜೊತೆಗೆ ಕೆಳಗೆ ನೋವು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನುವ ಭಾವನೆ.

ಕೊನೆಗೆ ಲೇಡಿ ಡಾಕ್ಟರ್ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಇನ್‌ಫೆಕ್ಷನ್ ಇಲ್ಲ ಅಂತ ನೋಡಿ, ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ನೋಡುವ ಫಿಸಿಯೋ ಹತ್ತಿರ ಕಳಿಸಿದರು. ಆ ಮೇಡಂ ಗ್ಲೌಸ್ ಹಾಕಿಕೊಂಡು, ನನ್ನನ್ನು ಕೇಳಿ, ಒಂದು ಬೆರಳಿಟ್ಟು "ಬಿಗಿ ಮಾಡಿ" ಅಂದರು. ಇನ್ನೂರು ಸಲದ ಅನುಭವಸ್ಥೆ, ಜೋರಾಗಿಯೇ ಮಾಡಿದೆ.

"ಅಲ್ಲಮ್ಮ, ನನ್ನ ಬೆರಳನ್ನ ಹೊರಗೆ ತಳ್ತಾ ಇದೀಯಲ್ಲ!"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಐದು ತಿಂಗಳು ಹೋದದ್ದು ಇಲ್ಲೇ. ಬಿಗಿ ಮಾಡು ಅಂದರೆ ನಾನು ಉಸಿರು ಕಟ್ಟಿ, ಹೊಟ್ಟೆ ಗಟ್ಟಿ ಮಾಡಿ, ಕೆಳಕ್ಕೆ ಒತ್ತುತ್ತಿದ್ದೆ. ಹೆರಿಗೆ ಕೋಣೆಯಲ್ಲಿ ಗಂಟೆಗಟ್ಟಲೆ ಕೇಳಿದ್ದು ಒಂದೇ ಮಾತು: "ಮುಕ್ಕಮ್ಮಾ, ಇನ್ನೊಂಚೂರು ಮುಕ್ಕು." ಮೈ ಅದನ್ನೇ ಕಲಿತುಬಿಟ್ಟಿತ್ತು. ಹೆಸರಿಗೆ ಕೆಗೆಲ್, ನಿಜದಲ್ಲಿ ದಿನಕ್ಕೆ ಇನ್ನೂರು ಸಲ ಹೆರುತ್ತಿದ್ದೆ. ಈ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಸೀರೆಯ ಜೋಳಿಗೆ ಹಾಗೆ ತೂಗಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಮಲದ ದಾರಿ ಎಲ್ಲದಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಮೊದಲೇ ಹಿಗ್ಗಿ ಜಗ್ಗಿರುತ್ತದೆ. ನಾನು ಅದನ್ನು ಮೇಲೆತ್ತುವ ಬದಲು ಇನ್ನಷ್ಟು ಭಾರ ಹಾಕುತ್ತಿದ್ದೆ.

ನಾನೊಬ್ಬಳೇ ಪೆದ್ದಿಯಲ್ಲ. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಲ್ಲಿ ಹೇಳಿಕೊಟ್ಟು ಪರೀಕ್ಷಿಸಿದಾಗ, ಸರಿಯಾಗಿ ಮಾಡಿದವರು ಅರ್ಧದಷ್ಟೇ. ಕಾಲು ಭಾಗದವರು ಮಾಡುತ್ತಿದ್ದದ್ದು ಸೋರುವುದನ್ನು ಹೆಚ್ಚಿಸುವಂಥದ್ದು. ಇನ್ನು ಡಾಕ್ಟರ್ ಕೆಗೆಲ್, 1948ರಲ್ಲಿ ಇದನ್ನು ಬರೆದವರು, ಒತ್ತಡ ಅಳೆಯುವ ಸಾಧನ ಒಳಗಿಟ್ಟು, ಮುಳ್ಳು ಏರುವುದನ್ನು ಹೆಂಗಸರೇ ನೋಡುವ ಹಾಗೆ ಮಾಡಿ ಕಲಿಸುತ್ತಿದ್ದರು. ಈಗ ಅವರ ಹೆಸರು ಮಾತ್ರ ಉಳಿದಿದೆ, ಆ ಮುಳ್ಳು ಇಲ್ಲ.

ಆದ್ದರಿಂದ 'ಎಷ್ಟು ಸಲ' ಅನ್ನುವ ಪ್ರಶ್ನೆಯೇ ಈಗ ಬೇಡ. ಆ್ಯಪ್ ಎಣಿಸುತ್ತದೆ ಅಷ್ಟೇ, ಮೇಲಕ್ಕೋ ಕೆಳಕ್ಕೋ ಅಂತ ಅದಕ್ಕೇನು ಗೊತ್ತು?

ಮೇಡಂ ಕೇಳಿದರು, "ಹತ್ತು ಜನ ಕೂತಿರೋ ಕಡೆ ಹೂಸು ಬರೋ ಹಾಗಾದ್ರೆ ಏನ್ ಮಾಡ್ತೀಯ?" ನಕ್ಕೆ. "ಅದೇ. ಅದನ್ನೇ ಮಾಡು, ಉಸಿರು ಮಾತ್ರ ಕಟ್ಟಬೇಡ." ಬಾವಿಯಿಂದ ಕೊಡ ಎಳೆದ ಹಾಗೆ ಒಳಗೆ ಏನೋ ಮೇಲೆ ಬಂತು. ಆಮೇಲೂ ಎರಡು ವಾರ ಕೆಗೆಲ್ ಮಾಡಿಸಲಿಲ್ಲ, ಬರೀ ಉಸಿರಾಟ. ನನಗೆ ಸಡಿಲ ಬಿಡುವುದೇ ಮರೆತುಹೋಗಿತ್ತಂತೆ. ನಂತರ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಎತ್ತಿ ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ. ಕೆಮ್ಮು ಬರುವ ಮುಂಚೆ ಒಮ್ಮೆ ಎತ್ತಿ ಹಿಡಿಯುವುದು. ಮೂತ್ರ ನಡುವೆ ನಿಲ್ಲಿಸುವ ಆಟ ಬಂದ್. ನನಗೆ ಮೂರು ತಿಂಗಳು ಹಿಡಿಯಿತು.

ಬಾಣಂತನದ ಬಗ್ಗೆಯೂ ನನಗೆ ಸಿಟ್ಟಿದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಲ್ಲ ಸರಿ. ನೀರು ಮಾತ್ರ ಕೊಡಲಿಲ್ಲ, ಶೀತ ಅಂತ. ಮಲಬದ್ಧತೆ ಬಂತು, ದಿನಾ ತಿಣುಕಿದೆ. ಹೊಟ್ಟೆಗೆ ಹಳೇ ಪಂಚೆ ಉಸಿರಾಡಲಾಗದಷ್ಟು ಬಿಗಿದರು. ಇದೆಲ್ಲದರ ಒತ್ತಡ ಬೀಳುವುದು ಕೆಳಗೇ ಅಲ್ವಾ? ಸೋರುತ್ತದೆ ಅಂತ ನೀವೂ ನೀರು ಕಮ್ಮಿ ಮಾಡಿದ್ದರೆ ಇವತ್ತೇ ಮತ್ತೆ ಶುರು ಮಾಡಿ. ವೆಸ್ಟರ್ನ್ ಕಮೋಡ್ ಆದರೆ ತಿಣುಕುವುದು ಕಮ್ಮಿಯಾಗಲು ಕಾಲ ಕೆಳಗೊಂದು ಮಣೆ ಇಟ್ಟುಕೊಳ್ಳಿ.

'ಎಲ್ಲರಿಗೂ ಆಗುತ್ತೆ' ಅಂತ ನಿಮ್ಮ ಅತ್ತೆ ಹೇಳಿದರು ಅಂತ ಬರೆದಿದ್ದೀರಿ. ನಮ್ಮಮ್ಮನೂ ಹಾಗೇ ಅಂದಿದ್ದಳು. ಅವಳು ಧರ್ಮಸ್ಥಳಕ್ಕೆ ಬಸ್ಸಲ್ಲಿ ಹೋಗುವುದನ್ನು ನಿಲ್ಲಿಸಿ ಎಷ್ಟೋ ವರ್ಷ ಆಗಿದೆ, ಕಾರಣ ಇದೇ ಅಂತ ನನಗೆ ಗೊತ್ತಾದದ್ದು ಹೋದ ವರ್ಷ.

ಕೆಳಗೆ ಏನೋ ಜಾರಿದ ಹಾಗೆ, ಭಾರ ಅನ್ನಿಸಿದರೆ, ಮಲ ಅಥವಾ ಗಾಳಿ ತಡೆಯಲಾಗದಿದ್ದರೆ, ಉರಿ, ಜ್ವರ ಇದ್ದರೆ ಮೊದಲು ಡಾಕ್ಟರ್. ಇಲ್ಲದಿದ್ದರೂ ಫಿಸಿಯೋ ಹತ್ತಿರ ಒಂದು ಸಲವಾದರೂ ಹೋಗಿ. ಸೊಂಟ, ಮಂಡಿ ನೋಡುವ ಎಲ್ಲರೂ ಇದನ್ನು ನೋಡುವುದಿಲ್ಲ. ಫೋನ್ ಮಾಡಿ, "ಹೆರಿಗೆ ಆದವರಿಗೆ ಒಳಪರೀಕ್ಷೆ ಮಾಡಿ ನೋಡ್ತೀರಾ?" ಅಂತ ನೇರ ಕೇಳಿ. ಪರೀಕ್ಷೆ ಬೇಡ, ಚಾರ್ಟ್ ಕಳಿಸ್ತೀವಿ ಅಂದರೆ ಫೋನ್ ಇಟ್ಟುಬಿಡಿ, ಇನ್ನೊಬ್ಬರಿಗೆ ಮಾಡಿ.